ಒಂದು ಬಿಂದಿಗೆ ಸಿಹಿನೀರು

ಕಿಟಕಿಯ ಗಾಜಿನ ಮೇಲೆ ಒಂದು ಬಿಳಿ ಗೆರೆ, ಮೇಲಿನ ರಬ್ಬರಿನ ಅಂಚಿನಿಂದ ಹೊರಟು ಅರ್ಧಕ್ಕೆ ಇಳಿದು ಒಣಗಿ ನಿಂತದ್ದು, ಹೊರಗೆ ಮುಳಬಾಗಿಲಿನ ಬಸ್ ಸ್ಟ್ಯಾಂಡು ಹಿಂದಕ್ಕೆ ಸರಿಯುತ್ತಿದ್ದರೂ ಗೆರೆ ಮಾತ್ರ ಇದ್ದಲ್ಲೇ ಇದೆ, ಬಸ್ ತೊಳೆದ ಬೋರ್‌ವೆಲ್ ನೀರಿನ ಸುಣ್ಣದ ಅಂಶ ಅಷ್ಟೇ, ಇನ್ನೇನೂ ಅಲ್ಲ — ವಿಭಾ ಅದರಿಂದ ಕಣ್ಣು ಕಿತ್ತಳು, ತೊಡೆಯ ಮೇಲಿನ ಥರ್ಮಾಕೋಲ್ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದಳು, ಗಡಿಯಾರ ನೋಡಿದಳು, ಎಂಟು ಹನ್ನೆರಡು. ಕೋಲಾರಕ್ಕೆ ಒಂಬತ್ತು, ರಸ್ತೆ ಸರಿಯಿದ್ದರೆ ಬೆಂಗಳೂರಿಗೆ ಹನ್ನೊಂದು, ಅಲ್ಲಿಂದ ಲ್ಯಾಬಿಗೆ ಇನ್ನೊಂದು ಮುಕ್ಕಾಲು ಗಂಟೆ, ರಸ್ತೆ ಸರಿಯಿರುವುದಿಲ್ಲ, ನಿನ್ನೆ ಸುಟ್ಟ ಟೈರುಗಳ ತಂತಿಯನ್ನು ಇನ್ನೂ ಯಾರೂ ಎತ್ತಿಲ್ಲ, ಎತ್ತುವುದು ಯಾರ ಕೆಲಸ ಎಂದು ತೀರ್ಮಾನವಾಗಲು ಇನ್ನೊಂದು ಬಂದ್ ಬೇಕು. ಡಬ್ಬಿಯೊಳಗೆ, ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಿಂದ ತಂದ ಐಸಿನ ಮೇಲೆ, ಒದ್ದೆ ಬಟ್ಟೆ ಸುತ್ತಿಕೊಂಡು ಹದಿನೇಳು ಇದ್ದಾನೆ. ಇದ್ದಾನೆ ಅನ್ನುವುದು ಬೆಳಿಗ್ಗೆಯಿಂದ ಸುಳ್ಳು. ರಿಜಿಸ್ಟರಿನಲ್ಲಿ ಅವನು ಗಂಡು ೧೭, ಸೀ ಅರ್ಚಿನ್, ಕಡಲ ಬಂಡೆಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಕಿತ್ತಳೆ ಗಾತ್ರದ ಮುಳ್ಳಿನ ಉಂಡೆ, ನಕ್ಷತ್ರಮೀನಿನ ದಾಯಾದಿ, ಪಠ್ಯಪುಸ್ತಕದ ಹೆಸರು ಕಂಟಕಚರ್ಮಿ. ಅವನು ಸತ್ತದ್ದು ಮುಖ್ಯವಲ್ಲ, ಹಾಗೆ ಅಂದುಕೊಳ್ಳಬೇಕು, ಚಿಪ್ಪಿನೊಳಗೆ ಒಂದು ಹನಿ ವೀರ್ಯ ಜೀವಂತ ಉಳಿದಿದ್ದರೆ ಸಾಕು, ಒಂದೇ ಹನಿ, ಅದರಲ್ಲಿ ಕೋಟಿಗಟ್ಟಲೆ ಇರುತ್ತವೆ, ಐಸಿನಲ್ಲಿಟ್ಟರೆ ಎರಡು ಮೂರು ದಿನ ಬದುಕುತ್ತವೆ. ಒಂದು ಹನಿಗೆ ಮೂರು ವರ್ಷ. ಪಕ್ಕದ ಸೀಟಿನ ಹೆಂಗಸು, ಮಡಿಲಲ್ಲಿ ಬಟ್ಟೆಯ ಚೀಲ, ಕೇಳಿಯೇ ಬಿಟ್ಟಳು, ಏನಮ್ಮ ಅದು ಡಬ್ಬೀಲಿ, ಮೀನಾ. ಮೀನಲ್ಲ. ಐಸ್‌ಕ್ಯಾಂಡಿನಾ. ಅಲ್ಲ. ಮತ್ತೇನು ಅಷ್ಟು ಭದ್ರ, ದೇವರಾ. ವಿಭಾ ಕಿಟಕಿಯ ಕಡೆ ತಿರುಗಿದಳು, ಗೆರೆ.

ಇಷ್ಟಕ್ಕೂ ಅವನನ್ನು ಚೆನ್ನೈಯಿಂದ ತರಲು ನಿನ್ನೆ ಸೋಮವಾರವೇ ಏಕೆ, ಬುಧವಾರ ಆಗುತ್ತಿರಲಿಲ್ಲವೇ, ಆಗುತ್ತಿರಲಿಲ್ಲ, ವ್ಯಾನಿನ ಮಂಜೂರಾತಿ ಪತ್ರದಲ್ಲಿ ಹನ್ನೆರಡನೇ ಫೆಬ್ರವರಿ ಎಂದಿತ್ತು, ದಿನಾಂಕ ಬದಲಿಸಲು ಫೈಲು ಮತ್ತೆ ಮೊದಲಿಂದ ಹೊರಡಬೇಕು ಮೇಡಂ, ಎಂದರು ಆಫೀಸಿನಲ್ಲಿ, ಮಾರ್ಚಿ ಬೇರೆ ಹತ್ತಿರ ಬಂತು. ಚೆನ್ನೈಯ ಕಡಲ ಕೇಂದ್ರದಲ್ಲಿ ಅದೇ ಹನ್ನೆರಡಕ್ಕೆ ರಿಪೇರಿಗೆ ಪಂಪು ಬಿಚ್ಚುತ್ತಾರಂತೆ, ಪಂಪು ನಿಂತರೆ ತೊಟ್ಟಿಗೆ ಕಡಲ ನೀರು ಬರುವುದಿಲ್ಲ, ನಿಮ್ಮ ಪ್ರಾಣಿ ನೀವು ತೆಗೆದುಕೊಂಡು ಹೋಗಿ. ಕಾವೇರಿ ತೀರ್ಪು ಬಂದು ವಾರವಾಗಿತ್ತು, ಕರ್ನಾಟಕ ಬಂದ್ ಎಂದು ಪೇಪರಿನಲ್ಲಿ ಎಂಟು ಕಾಲಮ್ ಬಂದಿತ್ತು, ಫೈಲು ಪೇಪರ್ ಓದುವುದಿಲ್ಲ. ತಮಿಳುನಾಡು ನಂಬರಿನ ವ್ಯಾನು ನಂಗಲಿಯಲ್ಲಿ ನಿಂತಿತು, ರಸ್ತೆಗಡ್ಡ ಕಲ್ಲು, ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ ನಾಲ್ವರು, ಡ್ರೈವರು ಕೈಮುಗಿದ, ಗ್ಲಾಸಿಗೆ ಯಾರು ಹೊಣೆ ಮೇಡಂ, ನಾನು ವಾಪಸ್ಸು. ಕಾವೇರಿಯ ಒಂದು ಹನಿಯೂ ಬಾರದ ಕೋಲಾರ ಜಿಲ್ಲೆಯ ಗಡಿಯಲ್ಲಿ ಕಾವೇರಿಗಾಗಿ ಕಲ್ಲು, ಇನ್ನೂರು ಲೀಟರ್ ಕಡಲ ನೀರಿನ ಪೀಪಾಯಿ ವ್ಯಾನಿನಲ್ಲೇ ಹಿಂದಕ್ಕೆ ಹೋಯಿತು, ಅವಳ ಕೈಯಲ್ಲಿ ಉಳಿದದ್ದು ಇಪ್ಪತ್ತು ಲೀಟರಿನ ಮುಚ್ಚಳದ ಬಕೆಟ್ಟು, ಅದರೊಳಗೆ ಹದಿನೇಳು, ಬ್ಯಾಟರಿಯಿಂದ ಗಾಳಿಯೂದುವ ಪುಟ್ಟ ಪಂಪು, ಐದು ಲೀಟರಿನ ಒಂದು ಕ್ಯಾನು. ಆರು ಗಂಟೆಯವರೆಗೆ ನಂಗಲಿಯ ಟೀ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಕೂತಿದ್ದಳು. ಬಂದ್ ಮುಗಿದ ಮೇಲೆ ಮೊದಲು ಹೊರಟ ಟೊಮೊಟೊ ಟೆಂಪೊದ ಚನ್ನರಾಯಪ್ಪ ಮುಂದಿನ ಸೀಟಿನಲ್ಲಿ ಜಾಗ ಕೊಟ್ಟ, ಮುಚ್ಚಳ ಎತ್ತಿ ನೋಡಿದ, ಏಮಮ್ಮಾ ಇದು ಮುಳ್ಳುಹಂದಿ ಮರೀನಾ, ಅಲ್ಲ, ಚೆಲ್ಲಬೇಡ ತಾಯಿ, ಉಪ್ಪುನೀರು ಬಿದ್ರೆ ಮಾರ್ಕೆಟ್ಟಲ್ಲಿ ನನ್ನ ಟೊಮೊಟೊನ ಉಪ್ಪಿನಕಾಯಿ ಅಂತಾರೆ. ನಕ್ಕಿದ್ದಳು, ನಿನ್ನೆ ಇನ್ನೂ ನಗು ಬರುತ್ತಿತ್ತು. ಹೊಂಡ, ಹಂಪು, ಬಕೆಟ್ಟು ತೊಡೆಗಳ ನಡುವೆ ಕುಲುಕಿತು, ಆ ಕುಲುಕಾಟಕ್ಕೇ ಇರಬೇಕು, ಸೆಕೆಗೂ ಇರಬೇಕು, ಈ ಪ್ರಾಣಿ ಗಾಬರಿಯಾದರೆ ಒಳಗಿರುವ ವೀರ್ಯವನ್ನೆಲ್ಲ ಹೊರಗೆ ಬಿಟ್ಟುಬಿಡುತ್ತದೆ, ಗೊತ್ತಿತ್ತು, ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೊರಡುವ ಮೊದಲು ಒಂದು ಸೀಸೆಯಲ್ಲಿ ಸ್ವಲ್ಪ ತೆಗೆದಿಟ್ಟುಕೊಳ್ಳೋಣ ಮೇಡಂ, ಇರಲಿ ಅಂತ, ಎಂದು ಮಾಧವ್ ಫೋನಿನಲ್ಲಿ ಹೇಳಿದ್ದ, ಅವಳ ವಿದ್ಯಾರ್ಥಿ, ಎಚ್ಚರಿಕೆಯವನು, ಬೇಡ, ಎಂದಿದ್ದಳು, ಅದನ್ನು ಬಿಡಿಸಲು ಸುಮ್ಮನೆ ಅವನಿಗೆ ಇಂಜೆಕ್ಷನ್ ಯಾಕೆ, ಇಡೀ ಪ್ರಾಣಿಯೇ ಬರುತ್ತಲ್ಲ. ಇಡೀ ಪ್ರಾಣಿಯೇ ಬರುತ್ತಿದೆ.

ಸಾವಿರದ ಒಂಬೈನೂರ ತೊಂಬತ್ತೊಂದು, ಕೋಲಾರದ ಕಾಲೇಜು, ಪ್ರಾಣಿಶಾಸ್ತ್ರದ ಲ್ಯಾಬು, ಫಾರ್ಮಲಿನ್ ಬಾಟಲಿಯಲ್ಲಿ ಬಣ್ಣ ಕಳೆದುಕೊಂಡ ನಕ್ಷತ್ರಮೀನು, ಅದರ ಐದು ತೋಳಲ್ಲಿ ಒಂದು ಮುರಿದು ತಳಕ್ಕೆ ಬಿದ್ದಿತ್ತು, ಶ್ರೀನಿವಾಸಪುರದ ಕಡೆಯ ಪೆದ್ದಪ್ಪ ಮೇಷ್ಟ್ರು ಬಾಟಲಿಯನ್ನು ಬೆಳಕಿಗೆ ಹಿಡಿದು, ರಾಸ್ಕೊಳ್ಳಿ, ಬರ್ಕೊಳ್ಳಿ, ಕಂಟಕಚರ್ಮಿಗಳು ಎಲ್ಲವೂ ಕಡಲಲ್ಲೇ, ಸಿಹಿನೀರಲ್ಲಿ ಒಂದೂ ಇಲ್ಲ, ಒಂದಂಟೆ ಒಂದೂ ಇಲ್ಲ. ಯಾಕೆ ಸಾರ್. ಉಪ್ಪು ಒಳಗೂ ಹೊರಗೂ ಸಮ ಇರಬೇಕಮ್ಮ ಅದಕ್ಕೆ, ಸಿಹಿನೀರಿಗೆ ಬಿಟ್ರೆ ಉಬ್ಬಿ ಒಡೆದೋಗ್ತದೆ, ರಾಸ್ಕೋ, ಎರಡು ಮಾರ್ಕು. ಎರಡು ಮಾರ್ಕು ಬಂದಿತ್ತು. ಕಡಲನ್ನೇ ನೋಡದವರಿಗೆ ಕಡಲನ್ನೇ ನೋಡದ ಮೇಷ್ಟ್ರು ಹೇಳಿದ ಆ ಒಂದು ವಾಕ್ಯ ಅವಳನ್ನು ಹದಿನಾರು ವರ್ಷ ಓಡಿಸಿದೆ, ಎಂಎಸ್ಸಿ, ಪಿಎಚ್‌ಡಿ, ಎರಡು ವರ್ಷ ಹೊರದೇಶ, ಹಿಂದಕ್ಕೆ ಬಂದು ಈ ಯೋಜನೆ — ಆ ವಾಕ್ಯವನ್ನು ನಿನ್ನೆ ಸಂಜೆ ಏಳೂವರೆಗೆ, ಟೆಂಪೊ ಇಳಿದು ರಾತ್ರಿ ಕಳೆಯಲು ಹೋದ ಮುಳಬಾಗಿಲಿನ ಹುಟ್ಟಿದ ಮನೆಯಲ್ಲಿ, ಅತ್ತೆಯ ಮುಂದೆ ಹೇಳಲು ಎಷ್ಟು ಹೊತ್ತು ಬೇಕಿತ್ತು, ನಾಲ್ಕು ಸೆಕೆಂಡು. ಹೇಳಿದ್ದೇನು, ಮುಟ್ಟಬೇಡಿ ಅತ್ತೆ. ಆ ಮನೆಯಲ್ಲಿ ಆ ಮಾತಿಗಿಂತ ದೊಡ್ಡ ಆಜ್ಞೆ ಇಲ್ಲ ಎಂದು ಅವಳಿಗೆ ಸಮಾಧಾನ ಬೇರೆ. ಅಂಬಾಬಾಯಿ, ಅಪ್ಪನ ತಂಗಿ, ಎಪ್ಪತ್ತೆರಡು ವರ್ಷ, ನಡುಮನೆಯ ಬಾಗಿಲಲ್ಲೇ ನಿಂತು ಸೆರಗು ಹಿಂದಕ್ಕೆ ಎಳೆದುಕೊಂಡಿದ್ದರು, ನಾನ್ಯಾಕೆ ಮುಟ್ಲಿ ಅದನ್ನ, ರಾಮ ರಾಮ, ಒಳಗೆ ಮಾತ್ರ ತರಬೇಡ ಕಣೇ, ನಾಳೆ ಏಕಾದಶಿ, ಹಿತ್ತಿಲಲ್ಲಿ ಬಾವಿ ಹತ್ರ ಇಡು, ಒಗೆಯೋ ಕಲ್ಲಿನ ಪಕ್ಕ ತಂಪಾಗಿರತ್ತೆ. ತಂಪಾಗಿಯೇ ಇತ್ತು. ಬಕೆಟ್ಟಿಗೆ ಕಿವಿ ಕೊಟ್ಟು, ಒಳಗೆ ಗುಳುಗುಳು ಅಂತಿದೆಯಲ್ಲೇ, ಕುದೀತಿದೆಯಾ. ಗಾಳಿ ಅತ್ತೆ, ಉಸಿರಾಡೋಕೆ. ಪಾಪ. ಅಣ್ಣ ನಾಗರಾಜ, ತಾಲ್ಲೂಕು ಕಚೇರಿಯ ಗುಮಾಸ್ತ, ಅತ್ತೆ ಅವನ ಮನೆಯಲ್ಲೇ ಇರುವುದು, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಬೆಂಗಳೂರಿನ ಲ್ಯಾಬಿನಲ್ಲಿ, ಉಪ್ಪು ಬೆರೆಸಿ ಮಾಡಿದ ಕಡಲಿನಲ್ಲಿ, ಇವನ ನಾಲ್ಕು ಹೆಣ್ಣುಮಕ್ಕಳಿವೆ, ಸಾಸಿವೆಗಿಂತ ಸಣ್ಣ ಮರಿಗಳಿಂದ ಸಾಕಿದ್ದು, ಮೂರು ವರ್ಷವಾಯಿತು, ಈ ತಿಂಗಳು ಹದಕ್ಕೆ ಬಂದಿವೆ. ಅವುಗಳ ಮೊಟ್ಟೆಗೆ ಇವನ ವೀರ್ಯ ಸೇರಿಸುತ್ತೇವೆ, ಒಂದೇ ದಿನ ಎಲ್ಲವೂ ಮೊಟ್ಟೆ ಬಿಡುವುದಿಲ್ಲ, ಅದಕ್ಕೇ ಇವನನ್ನೇ ಒಯ್ಯುತ್ತಿರುವುದು. ಅಪ್ಪನಿಗೂ ಮಗಳಿಗೂನಾ, ಎಂದ ನಾಗರಾಜ, ಗೋತ್ರ ಗೀತ್ರ ನೋಡಲ್ವೇನೇ ನಿಮ್ಮ ಲ್ಯಾಬಲ್ಲಿ, ಅತ್ತೆ ಕಿವಿಗೆ ಹಾಕಬೇಡ ತಾಯಿ, ನಾಡಿದ್ದು ದ್ವಾದಶಿ ಪಾರಣೇನೂ ಮಾಡಲ್ಲ ಅವರು.

ಅದೇ ಏಕೆ ಬೇಕು ಎಂದು ಅಣ್ಣ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದಳು, ಮಂಜೂರಾತಿ ಸಮಿತಿಯಲ್ಲಿ ಹನ್ನೊಂದು ಸಲ ಹೇಳಿದ್ದಾಳೆ, ಈ ಪ್ರಾಣಿಯ ಜೀನೋಮನ್ನು ಚೂರುಚೂರಾಗಿ ಓದಿಟ್ಟಿದ್ದೇವೆ, ನಲವತ್ತೊಂದು ಸಾವಿರ ಚೂರು, ಪುಟಸಂಖ್ಯೆಯಿಲ್ಲದ ಹಾಳೆಗಳು, ಅಪ್ಪನಿಂದ ಮಗಳಿಗೆ, ಇಬ್ಬರಿಂದ ಮರಿಗಳಿಗೆ ಯಾವ ಹಾಳೆ ಯಾವುದರ ಜೊತೆ ಇಳಿಯುತ್ತದೆ ಎಂದು ನೋಡಿದರೆ ಪುಟಸಂಖ್ಯೆ ಹಾಕಬಹುದು. ಬೇರೆ ಗಂಡು ತಂದರೆ ಆಗಲ್ವಾ, ಸಮಿತಿಯ ಹಿರಿಯರೊಬ್ಬರು ಪ್ರತಿ ಸಲ ಕೇಳುತ್ತಾರೆ, ಆಗುವುದಿಲ್ಲ ಸಾರ್, ಮನುಷ್ಯರಿಬ್ಬರ ನಡುವೆ ಸಾವಿರ ಅಕ್ಷರಕ್ಕೊಂದು ವ್ಯತ್ಯಾಸ, ಇವುಗಳಲ್ಲಿ ಇಪ್ಪತ್ತೈದಕ್ಕೆ ಒಂದು, ಇವನನ್ನು ಓದಿದ್ದೇವೆ, ಇವನೇ ಬೇಕು. ಹೋದ ನವೆಂಬರಿನಲ್ಲಿ ಅಮೆರಿಕದ ಜಾತಿಯ ಜೀನೋಮ್ ಅಚ್ಚಾಗಿ ಬಂತು, ಇನ್ನೂರಕ್ಕೂ ಹೆಚ್ಚು ಜನರ ಹೆಸರು, ಇಲ್ಲಿ ಅವಳು, ಮಾಧವ್, ಮತ್ತು ಏಪ್ರಿಲಿಗೆ ಮುಗಿಯುವ ಯೋಜನೆ. ಹದಿನೇಳರ ವೀರ್ಯವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಯೂ ಇಟ್ಟಿದ್ದರು, ಡಿಸೆಂಬರಿನ ರಜೆಯಲ್ಲಿ ಸಾರಜನಕ ತುಂಬಿಸುವವರು ತಿರುಪತಿಗೆ ಹೋದರು, ಸಾರಜನಕ ಆರಿ ಎಲ್ಲ ಹಾಳಾಯಿತು, ಬಂದು ಪ್ರಸಾದ ಕೊಟ್ಟರು. ಲಡ್ಡು. ಅವಳು ತಿಂದಳು ಕೂಡ. ಕಂಡಕ್ಟರ್ ಚೀಟಿ ಎಂದ, ಬೆಂಗಳೂರು ಒಂದು, ಆ ಡಬ್ಬಿಗೆ ಲಗೇಜು ಬರ್ತದಮ್ಮ, ತೊಡೆ ಮೇಲೆ ಇಟ್ಟುಕೊಂಡಿದ್ದೀನಲ್ಲ, ತೊಡೆ ಮೇಲಿದ್ರೂ ಲಗೇಜೇ, ಪಕ್ಕದ ಹೆಂಗಸು, ಬಿಡಣ್ಣ, ಔಷಧಿ ಇರಬೇಕು, ಮುಖ ನೋಡು ಅವಮ್ಮಂದು.

ಮುಖ ಹೇಗಿದೆ. ಬೆಳಿಗ್ಗೆ ಆರು ಗಂಟೆಗೆ ಹೇಗಿತ್ತೋ ಹಾಗೇ ಇರಬೇಕು. ಹಿತ್ತಿಲ ಬಾಗಿಲು ತೆರೆದಾಗ ಮೊದಲು ಕಂಡದ್ದು ನೀರು, ಎಷ್ಟು ತಿಳಿ, ಬಕೆಟ್ಟಿನ ತಳದ ಗೀರುಗಳೂ ಕಾಣುವಷ್ಟು, ಗಾಳಿಯ ಪಂಪು ಸತ್ತಿತ್ತು, ಬ್ಯಾಟರಿ ಮುಗಿದು, ಹದಿನೇಳರ ಮುಳ್ಳುಗಳು ಅತ್ತಿತ್ತ ಒರಗಿದ್ದವು, ಬದುಕಿರುವ ಅರ್ಚಿನ್ನಿನ ಮುಳ್ಳು ಒರಗುವುದಿಲ್ಲ, ಬೆರಳು ತೋರಿಸಿದ ಕಡೆಗೆ ತಿರುಗುತ್ತದೆ. ಬೆರಳು ತೋರಿಸಿದಳು. ಬೆರಳು ಅದ್ದಿದಳು, ನಾಲಗೆಗೆ ಹಚ್ಚಿದಳು, ಸಪ್ಪೆ, ಸಿಹಿ, ಬಾವಿಯ ನೀರು, ಊರಲ್ಲೆಲ್ಲ ಬೋರ್‌ವೆಲ್ ಗಡಸಾದರೂ ನಮ್ಮ ಬಾವಿ ಮಾತ್ರ ಕಲ್ಲುಸಕ್ಕರೆ ಎಂದು ಅತ್ತೆ ಬಂದವರಿಗೆಲ್ಲ ಹೇಳುವ ನೀರು. ಆ ಮನೆಯಲ್ಲಿ ರಾತ್ರಿ ನಿಂತ ನೀರು ಬೆಳಿಗ್ಗೆಗೆ ಇರುವುದಿಲ್ಲ, ಬಿಂದಿಗೆ, ಹಂಡೆ, ದೇವರ ಮನೆಯ ತಂಬಿಗೆ, ನಾಲ್ಕೂವರೆಗೆ ಎಲ್ಲ ಖಾಲಿಯಾಗಬೇಕು, ಎಲ್ಲ ಹೊಸದಾಗಿ ತುಂಬಬೇಕು, ರಾಟೆಯ ಕೀರಲು, ನೀರು ಚೆಲ್ಲುವ ಸದ್ದು, ಹುಟ್ಟಿದಾಗಿನಿಂದ ಇಪ್ಪತ್ತೊಂದು ವರ್ಷ ಆ ಸದ್ದಿಗೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದವಳು ಅವಳು, ಅವಳಿಗೇ ಹೊಳೆಯದಿದ್ದರೆ ಇನ್ಯಾರಿಗೆ. ಅತ್ತೆ ತುಳಸಿಯ ಮುಂದೆ ಕೂತಿದ್ದರು, ಜಪಮಣಿ, ತುಟಿ ಒಣಗಿ ಸುಕ್ಕಾಗಿತ್ತು, ಏಕಾದಶಿಗೆ ಅವರು ಗುಟುಕು ನೀರನ್ನೂ ಮುಟ್ಟುವುದಿಲ್ಲ, ನಿನ್ನೆ ಮಧ್ಯಾಹ್ನದಿಂದ ಊಟವಿಲ್ಲ. ನಾನು ಮುಟ್ಟಿಲ್ಲ ಕಣೇ, ಬಕೆಟ್ಟಿನ ಕಂಠ ಹಿಡಿದು ಹಾಗೇ ಬಗ್ಗಿಸಿದೆ, ಅದು ತಳಕ್ಕೆ ಅಂಟಿಕೊಂಡೇ ಇತ್ತು, ಗುಳುಗುಳು ನಿಂತುಹೋಗಿತ್ತು, ನೀರು ನೋಡಿದ್ರೆ ಒಡೆದ ಹಾಲಿನ ಥರ ಬೆಳ್ಳಗೆ, ಅದರ ನೆತ್ತಿಯಿಂದ ಬಿಳೀ ದಾರ ದಾರವಾಗಿ ಬರ್ತಿತ್ತು, ಕೆಟ್ಟ ನೀರಲ್ಲಿ ಒದ್ದಾಡ್ತಿದೆ ಪಾಪ ಅಂತ ಕಲ್ಲಿನ ಮೇಲೆ ಚೆಲ್ಲಿ ಒಂದು ಬಿಂದಿಗೆ ಹೊಸ ನೀರು ಹಾಕಿದೆ, ಉಪವಾಸ ನನಗೆ, ಅದಕ್ಕೇನು ಏಕಾದಶೀನಾ, ನಿನ್ನ ಎಬ್ಬಿಸೋಣ ಅಂದ್ರೆ ಮಡೀಲಿದ್ದೆ, ಹಾಸಿಗೆ ಹತ್ರ ಬರೋ ಹಾಗಿಲ್ಲ, ಬಾಗಿಲಿಂದ್ಲೇ ಎರಡು ಸಲ ಕೂಗಿದೆ — ಆಮೇಲೆ ಅತ್ತೆ ಇನ್ನೊಂದು ಮಾತು ಹೇಳಿದರು, ಅದು ಈಗ ಬೇಡ. ಬಿಳೀ ದಾರ. ಐದು ರಂಧ್ರ, ಐದು ದಾರ, ಮೇಲೆದ್ದು ನೀರಿನಲ್ಲಿ ಹೊಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಲ್ಯಾಬಿನಲ್ಲಿ ಅದನ್ನು ನೋಡಿದರೆ ಚಪ್ಪಾಳೆ ತಟ್ಟುತ್ತಾರೆ. ಒಂದು ಡ್ರಾಪರು, ಒಂದು ಸೀಸೆ, ಎರಡು ನಿಮಿಷದ ಕೆಲಸ. ಕ್ಯಾನಿನ ಐದು ಲೀಟರ್ ಕಡಲ ನೀರನ್ನು ಅವನ ಮೇಲೆ ಸುರಿದಳು, ಏನೂ ಆಗದು ಎಂದು ಗೊತ್ತಿದ್ದೇ ಸುರಿದಳು. ಬದುಕಿದೆಯಾ ಎಂದರು ಅತ್ತೆ. ಅವಳು ಖಾಲಿ ಕ್ಯಾನು ಕೆಳಗಿಟ್ಟಳು. ನಾನು ಕೊಂದ್ನೇನೇ, ಇವತ್ತಿನ ದಿನ. ಮಣಿ ಬೆರಳಲ್ಲಿ ನಿಂತಿತ್ತು. ಇಲ್ಲ ಅತ್ತೆ, ದಾರೀಲೇ ಸತ್ತಿತ್ತು, ನಾನು ಸುಮ್ಮನೆ ತಂದೆ. ಹದಿನಾರು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದದವಳು, ಎಷ್ಟು ಸಲೀಸಾಗಿ. ಸತ್ತಿರೋದಕ್ಕೆ ಗಾಳಿ ಯಾಕೆ ಹಾಕಿದ್ದೆ ಎಂದು ಅತ್ತೆ ಕೇಳಬಹುದಿತ್ತು, ಕೇಳಲಿಲ್ಲ, ಮಣಿ ಮುಂದಕ್ಕೆ ಹೋಯಿತು.

ಕತ್ತರಿ ಚೀಲದಲ್ಲಿತ್ತು. ಆಗಲೇ ಕತ್ತರಿಸಬೇಕಿತ್ತು, ಆರೂ ಹತ್ತಕ್ಕೆ, ಹಿತ್ತಿಲಲ್ಲೇ, ಸಿಹಿನೀರು ಚಿಪ್ಪಿನೊಳಗೆ ಇಳಿದಷ್ಟೂ ಒಳಗಿನದು ಸಾಯುತ್ತದೆ, ಕತ್ತರಿ ಕೈಗೂ ಬಂದಿತ್ತು. ನಾಗರಾಜ ಹಲ್ಲುಜ್ಜುತ್ತ ಬಂದವನು ನೋಡಿ, ತುಳಸಿಯ ಕಡೆ ಕಣ್ಣು ಮಾಡಿ, ಇಲ್ಲಿ ಬೇಡ ಕಣೇ, ಅವರ ಮುಂದೆ ಬೇಡ, ಅಷ್ಟು ಹೇಳಿದ, ಮೆಲ್ಲಗೆ, ಅವಳು ಕತ್ತರಿ ಒಳಗಿಟ್ಟಳು. ಬಚ್ಚಲಿಗೆ ಹೋಗಬಹುದಿತ್ತು, ಬೀದಿಗೆ ಹೋಗಬಹುದಿತ್ತು, ಬಟ್ಟೆ ಸುತ್ತಿದಳು, ಐಸ್ ಹುಡುಕಲು ಹೋದಳು, ಜ್ಯೂಸ್ ಅಂಗಡಿ ಏಳೂವರೆಗೆ ತೆರೆಯಿತು. ಸಂಕೋಚ, ಇದಕ್ಕೆ ಬೇರೆ ಹೆಸರಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ ಎಂದ ಕಂಡಕ್ಟರ್ ಇಪ್ಪತ್ತೈದು ನಿಮಿಷ ತಿಂಡಿ ತಿಂದ, ಫೋನು ಬಂತು, ಮಾಧವ್, ಮೇಡಂ ಹೆಣ್ಣು ಮೂರು ಮತ್ತು ನಾಲ್ಕು ರೆಡಿ ಇವೆ, ಎಲ್ಲಿದ್ದೀರಾ, ಕೋಲಾರ, ಒಳಗಡೆ ಹೇಗಿದೆ, ನೋಡಿಲ್ಲ, ನೋಡಿಲ್ವಾ, ಕತ್ತರಿಸಿಲ್ಲ ಮಾಧವ್, ಮನೇಲೇ ಯಾಕೆ ಕತ್ತರಿಸಲಿಲ್ಲ ಮೇಡಂ, ಏಕಾದಶಿ. ಒಂದು ಹನಿ ಸಾಕು ಮೇಡಂ, ಎಂದ ಮಾಧವ್, ಈಗಲೇ ಕತ್ತರಿಸಿ, ಎಲ್ಲಿದ್ದೀರೋ ಅಲ್ಲೇ. ಅದನ್ನು ಅವನು ಹೇಳಬೇಕಾಯಿತು.

ನರಸಾಪುರದ ಹತ್ತಿರ ಬಸ್ಸು ನಿಂತಿದೆ, ಮುಂದೆ ಕಂಪನಿ ಬಸ್ಸುಗಳ ಸಾಲು, ನಿನ್ನೆಯ ಪಾಳಿಯನ್ನೂ ಇವತ್ತೇ ಮಾಡಿಸುತ್ತಾರಂತೆ, ಇಂಜಿನ್ ಆರಿಸಿದ ಮೇಲೆ ಸೆಕೆ, ವಿಭಾ ಡಬ್ಬಿಯ ಮುಚ್ಚಳ ತೆಗೆದಳು. ಇದನ್ನ ಸ್ವಲ್ಪ ಹಿಡ್ಕೊಳ್ತೀರಾ. ಹೆಂಗಸು ಹಿಡಿದುಕೊಂಡಳು, ರಾಮಲಕ್ಷ್ಮಮ್ಮ ಅಂತ, ಮಾಲೂರಿನ ಕಡೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ, ಕೇಳದೆಯೇ ಹೇಳಿದಳು, ಬಟ್ಟೆ ಬಿಚ್ಚಿದಾಗ ಹೆದರಲಿಲ್ಲ, ಗಂಡೋ ಹೆಣ್ಣೋ ಎಂದಳು. ಗಂಡು. ಏನು ಬೇಕಿತ್ತು ಇದರಿಂದ. ವಿಭಾ ಹೇಳಿದಳು, ಒಂದೇ ವಾಕ್ಯದಲ್ಲಿ, ಯಾವ ಸಮಿತಿಗೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಓ, ನಮ್ಮಲ್ಲೂ ಅದೇ, ಗಂಡು ಚಿಟ್ಟೇನ ಒಂದು ಸಲ ಜೋಡಿ ಬಿಟ್ಟು ಬಿಡಿಸಿ ಫ್ರಿಜ್ಜಲ್ಲಿಡ್ತೀವಿ, ಎರಡನೇ ಸಲಕ್ಕೂ ಬರ್ತದೆ, ಆದ್ರೆ ಸೆಕೇಲಿ ಬಿಟ್ರೆ ರೆಕ್ಕೆ ಬಡ್ಕೊಂಡು ಬಡ್ಕೊಂಡು ದಂಡ. ಕತ್ತರಿಯ ತುದಿ ಬಾಯಿಯ ಸುತ್ತಿನ ಮೆತ್ತನೆ ಚರ್ಮಕ್ಕೆ ಇಳಿಯಿತು, ಚಿಪ್ಪು ಹಪ್ಪಳದ ಹಾಗೆ ಮುರಿಯಿತು, ಹಿಂದಿನ ಸೀಟಿನವನು ಮೂಗು ಮುಚ್ಚಿಕೊಂಡು ಎದ್ದು ಹೋದ, ಒಳಗಿನ ನೀರು ಐಸಿನ ಮೇಲೆ ಬಿತ್ತು, ತಿಳಿ ನೀರು. ವೀರ್ಯದ ಐದು ಹಾಲೆಗಳು, ನಕ್ಷತ್ರದ ಹಾಗೆ, ಕೆನೆಯ ಬಣ್ಣದಲ್ಲಿ ಉಬ್ಬಿರಬೇಕಾದವು, ಕಂದು ದಾರದ ಹಾಗೆ ಗೋಡೆಗೆ ಅಂಟಿದ್ದವು. ಮೊದಲನೆಯದನ್ನು ಇಕ್ಕಳದಲ್ಲಿ ಒತ್ತಿದಳು, ನೀರು. ಎರಡನೆಯದು, ನೀರು. ಮೂರು. ನಾಲ್ಕು. ಐದನೆಯದನ್ನು ಒತ್ತದೆ ಸ್ವಲ್ಪ ಹೊತ್ತು ಹಿಡಿದುಕೊಂಡಳು, ಒತ್ತಿದಳು. ರಾಮಲಕ್ಷ್ಮಮ್ಮ ಬಗ್ಗಿ ನೋಡಿದಳು, ದಿನಕ್ಕೆ ಸಾವಿರ ಗಂಡು ನೋಡುವ ಕಣ್ಣು, ಖಾಲಿ ಆಗಿದೆ ಬಿಡಮ್ಮ, ಎಲ್ಲಾ ಮೊದಲೇ ಬಿಟ್ಟುಬಿಟ್ಟಿದೆ. ಎಲ್ಲ ಮೊದಲೇ. ಒಂದು ಹನಿಯಲ್ಲ, ಇಡೀ ಬಕೆಟ್ಟು, ನಾಲ್ಕೂವರೆಗೆ, ಬೆಳ್ಳಗೆ, ಜೀವಂತ, ಅವಳ ಹಾಸಿಗೆಯಿಂದ ಇಪ್ಪತ್ತು ಹೆಜ್ಜೆ. ಇಂಜಿನ್ ಶುರುವಾಯಿತು, ಗಾಜು ಅದುರಿತು, ಈಗ ಬೇಡ ಎಂದರೂ ಅತ್ತೆಯ ಆ ಮಾತು ಬಂದೇ ಬಂತು, ಬಾಗಿಲಿಂದ್ಲೇ ಎರಡು ಸಲ ಕೂಗಿದೆ, ವಿಭಾ, ಏ ವಿಭಾ, ನಿನ್ನ ಪ್ರಾಣಿ ನೀರು ಬೆಳ್ಳಗಾಗಿದೆ ಕಣೇ, ಬದಲಾಯಿಸ್ಲಾ ಅಂತ ಕೇಳಿದೆ, ನೀನು ಹೂಂ ಅಂದೆ. ಅಂದಿದ್ದಳೇ. ರಾಟೆಯ ಕೀರಲು, ಮಗ್ಗುಲು, ಹೊದಿಕೆ, ಯಾವುದೋ ದೂರದ ಧ್ವನಿಗೆ ಹೂಂ, ಅಂದಿರಬೇಕು, ಇಪ್ಪತ್ತೊಂದು ವರ್ಷ ಹಾಗೇ ಅಂದವಳು, ಆಮೇಲೆ ನೀರು ಚೆಲ್ಲುವ ಸದ್ದು, ಅದೂ ಕೇಳಿಸಿತ್ತು, ಹಿತವಾಗಿತ್ತು, ಮತ್ತೆ ನಿದ್ದೆ. ಆರಕ್ಕೆ ಎದ್ದು ಬಕೆಟ್ಟಿನತ್ತ ಓಡುವಾಗ ದಾಟಿದ ಒಗೆಯುವ ಕಲ್ಲು, ಕಪ್ಪು ಕಲ್ಲು, ನಡುವೆ ಇನ್ನೂ ಒದ್ದೆ, ಮೇಲಿನ ಅಂಚಿನಿಂದ ಹೊರಟು ಅರ್ಧಕ್ಕೆ ಇಳಿದು, ಒಣಗುತ್ತ, ಒಂದು ಬಿಳಿ ಗೆರೆ